ವಿಮಾನ ಪ್ರಯಾಣ: ಡಾಕ್ಟರನ್ನು ಕೇಳಿ (ಚಿಕ್ಕಬಳ್ಳಾಪುರ ಗುಂಪು)

ಚಿಂತಾಮಣಿ ಸದಸ್ಯ: ಮೇಡಂ, ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ಟಿಕೆಟ್‌ನಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5.30ಕ್ಕೆ ಇಳಿಯುತ್ತೆ ಅಂತಿದೆ. ಮೂರೂವರೆ ಗಂಟೆ ತಾನೆ? ಅಪ್ಪನಿಗೆ ಮಧ್ಯೆ ಇನ್ಸುಲಿನ್ ಬೇಡ ಅಲ್ವಾ?

ಡಾಕ್ಟರ್: ಹಾಗಲ್ಲ. ಸುಮಾರು 14,000 ಕಿ.ಮೀ. ಎಲ್ಲೂ ಇಳಿಯದೆ ಹೋದರೂ 16 ಗಂಟೆ ಹಿಡಿಯುತ್ತೆ. ಅಲ್ಲಿನ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಇನ್ಸುಲಿನ್ ಯಾವಾಗ, ಎಷ್ಟು ಅಂತ ಅವರನ್ನು ನೋಡುವ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಚೀಟಿ ಸಮೇತ ಕೈಚೀಲದಲ್ಲಿಡಿ. ದೊಡ್ಡ ಸೂಟ್‌ಕೇಸಿನಲ್ಲಿಟ್ಟರೆ ಚಳಿಗೆ ಗಟ್ಟಿಯಾಗಿ ಕೆಡಬಹುದು.

ಶಿಡ್ಲಘಟ್ಟ ಸದಸ್ಯೆ: ತಂಗಿಯ ಬಾಣಂತನಕ್ಕೆ ಅಮ್ಮ ಮುಂದಿನ ವಾರ ಅಲ್ಲಿಗೇ ಹೊರಡಬೇಕು. 63 ವರ್ಷ. ಐದು ವಾರದ ಹಿಂದೆ ಎಡ ಮಂಡಿ ಬದಲಾಯಿಸಿದ್ದಾರೆ. ಮೊನ್ನೆಯಿಂದ ಎಡಗಾಲು ಊದಿದೆ. ಕಾಲುಂಗುರ ಆ ಕಾಲಲ್ಲಿ ಮಾತ್ರ ಬಿಗಿ.

ಗೌರಿಬಿದನೂರು ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ. ಬೆಳ್ಳುಳ್ಳಿ ತಿಂದು, ಹರಳೆಣ್ಣೆ ಹಚ್ಚಿ ಕಾಲು ನೀವಿದರೆ ರಕ್ತ ಹೆಪ್ಪುಗಟ್ಟಲ್ಲ.

ಡಾಕ್ಟರ್: ನೀವಬೇಡಿ! ಯಾರೂ ಆ ಕಾಲು ಮುಟ್ಟಬೇಡಿ. ಶಿಡ್ಲಘಟ್ಟದ ತಾಯಿ, ಮೀನಖಂಡ ಬಿಸಿ ಇದೆಯಾ, ಒತ್ತಿದಂತೆ ನೋವಿದೆಯಾ? ಇಲ್ಲ ಅಂದರೂ ಇವತ್ತೇ ಕಾಲಿನ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಮಂಡಿ ಆಪರೇಷನ್ ಆದವರಿಗೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಜಾಸ್ತಿ. ನಾಲ್ಕು ಗಂಟೆ ಮೀರಿ ಕೂತರೆ ಇನ್ನೂ ಏರುತ್ತೆ, ಇದು ಹದಿನಾರು ಗಂಟೆ. ಆ ಗಡ್ಡೆ ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ. ಸ್ಕ್ಯಾನ್ ಸರಿ ಇದ್ದರೂ ಮುಂದಿನ ವಾರ ಬೇಡ. ಮಂಡಿ ಬದಲಾಯಿಸಿದ ಮೇಲೆ ಇಷ್ಟು ದೂರದ ಹಾರಾಟಕ್ಕೆ ಸಾಮಾನ್ಯವಾಗಿ ಮೂರು ತಿಂಗಳು ಕಾಯಲು ಹೇಳುತ್ತೇವೆ. ತಂಗಿಗೆ ನಾನೇ ಬೇಕಾದರೆ ಹೇಳುತ್ತೇನೆ.

ಬಾಗೇಪಲ್ಲಿ ಸದಸ್ಯ: ಭೂಮಿ ತಿರುಗುತ್ತೆ ಅಲ್ವಾ? ವಿಮಾನ ಮೇಲೆ ಸುಮ್ನೆ ನಿಂತರೆ ಅಮೆರಿಕವೇ ಕೆಳಗೆ ಬರಲ್ವಾ?

ಗುಡಿಬಂಡೆ ಸದಸ್ಯ: ಗಾಳಿಯೂ ಭೂಮಿ ಜೊತೆಗೇ ತಿರುಗುತ್ತೆ ಸ್ವಾಮಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಮೊದಲ ನೇರ ವಿಮಾನ ಉತ್ತರ ಧ್ರುವದ ಕಡೆಯಿಂದ ಬಂತು. ಓಡಿಸಿದವರೆಲ್ಲ ಹೆಂಗಸರು.

ಬಾಗೇಪಲ್ಲಿ ಸದಸ್ಯ: ಮ್ಯಾಪಿನಲ್ಲಿ ಧ್ರುವ ಸುತ್ತುದಾರಿ!

ಗುಡಿಬಂಡೆ ಸದಸ್ಯ: ಮ್ಯಾಪು ಬಿಡಿ. ಗ್ಲೋಬಿಗೆ ದಾರ ಹಿಡಿದು ನೋಡಿ, ಧ್ರುವದ ಕಡೆಯ ದಾರಿಯೇ ಹತ್ತಿರ. ಆಮೇಲೆ ಮಾತಾಡಿ.

ಮಂಚೇನಹಳ್ಳಿ ಸದಸ್ಯೆ: ಮಾವಿನಕಾಯಿ ಉಪ್ಪಿನಕಾಯಿ ಒಯ್ಯಬಹುದಾ?

ಚೇಳೂರು ಸದಸ್ಯ: ಎಷ್ಟು ಗಂಟೆ ಪ್ರಯಾಣ ಮೇಡಂ?

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ಗೌರಿಬಿದನೂರು ಸದಸ್ಯ: ಅಸ್ತಮಾ ಇರುವವರು ಕರ್ಪೂರ, ಓಮದ ಪೊಟ್ಟಣ ಮೂಸಿದರೆ ಆಕ್ಸಿಜನ್ ಏರುತ್ತಂತೆ.

ಡಾಕ್ಟರ್: ಏರಲ್ಲ. ಇಂಥದ್ದನ್ನು ಇಲ್ಲಿ ಹಾಕಬೇಡಿ, ಇದು ಎರಡನೇ ಸಲ. ನಂದಿ ಬೆಟ್ಟ 4,851 ಅಡಿ. ವಿಮಾನದೊಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದಲ್ಲಿದ್ದಷ್ಟು ತೆಳು. ಬೆಟ್ಟದ ಮೇಲೇ ಏದುಸಿರು ಬರುವವರು ಪರೀಕ್ಷೆ ಮಾಡಿಸಿಕೊಂಡು ಟಿಕೆಟ್ ತೆಗೆಯಿರಿ. ಶಿಡ್ಲಘಟ್ಟದವರು ಎಲ್ಲಿದ್ದೀರಿ?

ಶಿಡ್ಲಘಟ್ಟ ಸದಸ್ಯೆ: ಹೊರಟಿದ್ದೀವಿ ಮೇಡಂ, ಬಸ್‌ಸ್ಟ್ಯಾಂಡಲ್ಲಿದ್ದೀವಿ. ಮೀನಖಂಡ ಬಿಸಿ ಇದೆ.

ಡಾಕ್ಟರ್: ಬಸ್ಸು ಬೇಡಮ್ಮ. ಕಾರು ಮಾಡಿ, ಈಗಲೇ.