ತೊಗರಿ ಬ್ಯಾಳಿ, ರೊಟ್ಟಿ ಮಾರ್ಲಿಕ್ಕೆ ರೆಡಿಮೇಡ್ ಥೀಮ್ ತಗೋಬಹುದೇನ್ರಿ?

ತೊಗರಿಕಣಜ (ಕಲಬುರಗಿ):
ತೊಗರಿ ಬ್ಯಾಳಿ (500 ಗ್ರಾಂ, 1 ಕೆಜಿ, 5 ಕೆಜಿ), ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಿಂಗ ಒಟ್ಟು 14 ಐಟಂ ಆನ್‌ಲೈನ್ ಮಾರೋ ವಿಚಾರ ಅದರಿ. ಸೈಟ್ ಕಟ್ಟೋದು ವರ್ಡ್‌ಪ್ರೆಸ್‌ನಾಗ, ಅದರ ಮ್ಯಾಲ ಅಂಗಡಿ ನಡೆಸೋ ಪ್ಲಗಿನ್ (ಸೇರಿಸೋ ತಂತ್ರಾಂಶ) ವೂಕಾಮರ್ಸ್. ಡೆಮೊ (ಮಾದರಿ ಸೈಟ್) ನೋಡಿದ್ರ ಥೀಮ್, ಅಂದ್ರ ಸೈಟಿನ ರೆಡಿಮೇಡ್ ವಿನ್ಯಾಸ, ಒಂದಕ್ಕಿಂತ ಒಂದು ಛಂದ ಅದಾವ, ರೇಟು 60 ಡಾಲರ್ ಆಸುಪಾಸು. ಅದೇ ಥೀಮ್ ಇನ್ನೊಂದು ಕಡೆ 300 ರೂಪಾಯಿಗೆ ಸಿಗ್ಲಾಕತ್ತದ. ಐಟಂ ಹೆಸರು ಕನ್ನಡದಾಗೇ ಇರಬೇಕು. ತಗೊಳ್ಳೋ ಮುಂಚೆ ಏನೇನ್ ನೋಡ್ಬೇಕು? ತಗೊಂಡ ಮ್ಯಾಲ ಎಲ್ಲಿ ಕೈ ಕೊಡ್ತಾವ?

ಶಹಾಬಾದಿ ಕಲ್ಲು:
ಮೊದಲು ಆ 300 ರೂಪಾಯಿದು ಬಿಟ್ಟುಬಿಡ್ರಿ. ಅದು ಲೈಸೆನ್ಸ್ ಪರೀಕ್ಷೆ ಕಿತ್ತು ಮಾರೋ ‘ನಲ್ಡ್’ ಪ್ರತಿ. ಡಬ್ಲ್ಯೂಪಿ-ವಿಸಿಡಿ ಅನ್ನೋ ಮಾಲ್ವೇರ್ (ಕೆಡುಕಿನ ಕೋಡ್) ವರ್ಷಗಟ್ಟಲೆ ಹರಡಿದ್ದು ಇಂಥವುಗಳಿಂದಲೇ. ಥೀಮಿನ ಫಂಕ್ಷನ್ಸ್ ಫೈಲಿನಾಗ ಕೂತು, ವರ್ಡ್‌ಪ್ರೆಸ್‌ನ ಮೂಲ ಫೋಲ್ಡರಿಗೂ ತನ್ನ ಪ್ರತಿ ಇಟ್ಟುಬಿಡ್ತದ. ಅದಕ್ಕ ಥೀಮ್ ಅಳಿಸಿದ್ರೂ ಅದು ಹೋಗಂಗಿಲ್ಲ. ಒಂದೇ ಹೋಸ್ಟಿಂಗ್‌ನಾಗ ನಾಲ್ಕು ಸೈಟ್ ಇದ್ರ ನಾಲ್ಕಕ್ಕೂ ದಾಟ್ತದ.

ಇನ್ನ ಡೆಮೊ. ಅದರಾಗ ಇರೋದು ‘ಮಗ್’, ‘ಲ್ಯಾಂಪ್’ ಅಂತ ಸಣ್ಣ ಸಣ್ಣ ಇಂಗ್ಲಿಷ್ ಹೆಸರು. ನಿಮ್ಮದು ‘ಗುರೆಳ್ಳು ಹಿಂಡಿ – 250 ಗ್ರಾಂ ಪಾಕೀಟು’. ರೊಕ್ಕ ಕೊಡೋ ಮುಂಚೇನೇ ಪರೀಕ್ಷೆ ಮಾಡಬಹುದು: ಕಂಪ್ಯೂಟರಿನಾಗ ಕ್ರೋಮ್‌ನಲ್ಲಿ ಡೆಮೊ ತೆರೀರಿ, ಐಟಂ ಹೆಸರಿನ ಮ್ಯಾಲ ರೈಟ್ ಕ್ಲಿಕ್, ‘ಇನ್‌ಸ್ಪೆಕ್ಟ್’. ಅಲ್ಲಿ ಕಾಣೋ ಇಂಗ್ಲಿಷ್ ಹೆಸರಿನ ಮ್ಯಾಲ ಡಬಲ್ ಕ್ಲಿಕ್ ಮಾಡಿ ನಿಮ್ಮ ಕನ್ನಡ ಹೆಸರು ಅಂಟಿಸ್ರಿ. ಮೊಬೈಲ್ ನೋಟಕ್ಕ ಬದಲಿಸಿ ಅಗಲ 360 ಇಡ್ರಿ.

ಆಗ ಮೂರು ಸಂಗತಿ ಬಯಲಾಗ್ತಾವ. ಲೈನ್-ಹೈಟ್ (ಸಾಲಿನ ಎತ್ತರ) 1.1 ಇಟ್ಟು, ಹೊರಗ ಬಂದಿದ್ದನ್ನ ಮುಚ್ಚೋ ಡಬ್ಬಿ ಇದ್ರ ‘ರೊಟ್ಟಿ’ಯ ಒತ್ತಕ್ಷರ ಕೆಳಗ ಕತ್ತರಿಸಿ ಹೋಗ್ತದ, ಕನ್ನಡಕ್ಕ 1.5 ಆದ್ರೂ ಬೇಕು. ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಕೊಟ್ಟಿದ್ರ ಪದ ಬಿರುಕು ಬಿಡ್ತದ, ಅದನ್ನ ಸೊನ್ನೆ ಮಾಡಬೇಕು. ಮೂರನೇದು ಫಾಂಟ್. ಎಷ್ಟೋ ಥೀಮ್‌ನಾಗ ಇರೋ ಪಾಪಿನ್ಸ್ ಫಾಂಟಿಗೆ ಲ್ಯಾಟಿನ್, ದೇವನಾಗರಿ ಅದಾವ, ಕನ್ನಡ ಇಲ್ಲ. ಹಂಗಾಗಿ ಒಂದೊಂದು ಫೋನಿನಾಗ ಒಂದೊಂದು ಮುಖ ಕಾಣ್ತದ. ನೋಟೊ ಸಾನ್ಸ್ ಕನ್ನಡ ಇಲ್ಲಾ ಅನೇಕ್ ಕನ್ನಡ ಸೇರಿಸ್ಲಿಕ್ಕೆ ಥೀಮಿನ ಸೆಟ್ಟಿಂಗ್‌ನಾಗ ಜಾಗ ಅದೇನು ಅಂತ ಮಾರೋರನ್ನ ಮೊದಲೇ ಕೇಳ್ರಿ.

ಬಿದ್ರಿ ಹೂಜಿ (ಬೀದರ್):
ಫೋಟೊ ಬಗ್ಗೆ ಯಾರೂ ಹೇಳಿಲ್ಲ. ವೂಕಾಮರ್ಸ್ ಪಟ್ಟಿಯ ಚಿತ್ರಗಳನ್ನ ತಾನಾಗೇ ಚೌಕಕ್ಕ ಕತ್ತರಿಸ್ತದ. ಉದ್ದನ್ನ ಬಿದ್ರಿ ಹೂಜಿ ಇದ್ರ ಕುತ್ತಿಗಿ ಮಾಯ! ಕಸ್ಟಮೈಸ್, ವೂಕಾಮರ್ಸ್, ಪ್ರಾಡಕ್ಟ್ ಇಮೇಜಸ್‌ಗೆ ಹೋಗಿ ‘ಅನ್‌ಕ್ರಾಪ್ಡ್’ ಮಾಡಿದ್ರ ಹೂಜಿ ಪೂರಾ ಬರ್ತದ, ಆದ್ರ ಸಾಲು ಮ್ಯಾಲ ಕೆಳಗ ಆಗ್ತದ. ಅದಕ್ಕಿಂತ ಎಲ್ಲಾ ಫೋಟೊ ಒಂದೇ ಅಳತೆಯಾಗ ತೆಗೆಯೋದೇ ಲೇಸು. ಕಪ್ಪು ಹಿನ್ನೆಲೆ ಥೀಮ್ ಬಿದ್ರಿಗಂತೂ ಬ್ಯಾಡೇ ಬ್ಯಾಡ, ಕಪ್ಪಿನಾಗ ಕಪ್ಪು ಮುಳುಗ್ತದ.

ನಿಮ್ಮ ಬ್ಯಾಳಿಗೆ ದೊಡ್ಡ ತಾಪತ್ರಯ ತೂಕದ್ದು. ಡೆಮೊದಾಗ ಕಾಣೋ ‘ಕಾರ್ಟ್‌ಗೆ ಹಾಕು’ ಬಟನ್ ಒಂದೇ ರೇಟಿನ ಐಟಂಗೆ ಮಾತ್ರ. ಮೂರು ತೂಕ ಸೇರಿಸಿದ್ದೇ ಅದು ‘ಸೆಲೆಕ್ಟ್ ಆಪ್ಷನ್ಸ್’ ಆಗ್ತದ, ರೇಟು ‘₹80 – ₹750’ ಅಂತ ಬೀಳ್ತದ. ಇದು ವೂಕಾಮರ್ಸ್‌ನ ಸ್ವಭಾವ. ಪಟ್ಟಿಯಾಗೇ ತೂಕ ಆರಿಸೋ ಅನುಕೂಲ ಕೊಡೋ ಥೀಮ್ ಕೆಲವೇ ಅದಾವ, ಡೆಮೊದಾಗ ಹಂಗ ಮೂರು ತೂಕದ ಐಟಂ ಒಂದಾದ್ರೂ ಹುಡುಕಿ ಒತ್ತಿ ನೋಡ್ರಿ.

ಥೀಮಿಗೆ ಸಂಬಂಧ ಇಲ್ಲದ್ದು, ಆದ್ರೂ ಹೇಳ್ತೀನಿ. ಕೊರಿಯರ್‌ನವರು ಬಹಳಷ್ಟು ಮಂದಿ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಾಗ ಗುಣಿಸಿ 5000ದಿಂದ ಭಾಗಿಸಿ ತೂಕ ಹಿಡೀತಾರ. 30 × 30 × 20ರ ರೊಟ್ಟಿ ಡಬ್ಬಿ ತಕ್ಕಡಿಯಾಗ 1 ಕೆಜಿ ಇದ್ರೂ ಲೆಕ್ಕಕ್ಕ 3.6 ಕೆಜಿ. ವೂಕಾಮರ್ಸ್‌ನ ಫ್ಲಾಟ್ ರೇಟ್ (ನಿಗದಿ ಸಾಗಾಟ ದರ) ತೂಕ ನೋಡಂಗಿಲ್ಲ, ಡಬ್ಬಿಯ ಗಾತ್ರ ಮೊದಲೇ ನೋಡಂಗಿಲ್ಲ. ರೊಟ್ಟಿಗೆ ಬ್ಯಾರೆ ಶಿಪ್ಪಿಂಗ್ ಕ್ಲಾಸ್ (ಸಾಗಾಟ ದರದ ಗುಂಪು) ಮಾಡ್ರಿ.

ಭೀಮಾತೀರ (ಯಾದಗಿರಿ):
ಥೀಮ್ ಹಳೆಯದೋ ಹೊಸದೋ ಎಂದು ತಿಳಿಯುವುದು ಚೆಕ್‌ಔಟ್ (ಹಣ ಕೊಡುವ) ಪುಟದಲ್ಲಿ. 2023ರ ನವೆಂಬರ್‌ನಲ್ಲಿ ಬಂದ ವೂಕಾಮರ್ಸ್ 8.3ರಿಂದ ಹೊಸ ಅಂಗಡಿಗಳಿಗೆ ಬ್ಲಾಕ್ ಆಧಾರಿತ (ತುಣುಕು ಜೋಡಿಸಿ ಕಟ್ಟುವ) ಕಾರ್ಟ್, ಚೆಕ್‌ಔಟ್ ತಾನಾಗಿ ಬರುತ್ತವೆ. ಹಳೆ ಥೀಮ್‌ಗಳು ಅಲಂಕರಿಸಿರುವುದು ಹಳೆ ಪದ್ಧತಿಯ ಶಾರ್ಟ್‌ಕೋಡ್ ಚೆಕ್‌ಔಟನ್ನು. ಹಾಗಾಗಿ ಡೆಮೊದಲ್ಲಿ ಕಂಡ ಪುಟ ನಿಮ್ಮಲ್ಲಿ ಬರುವುದಿಲ್ಲ. ವೂಕಾಮರ್ಸ್‌ನ ಟೆಂಪ್ಲೇಟ್ (ಪುಟದ ಅಚ್ಚು) ಫೈಲುಗಳನ್ನು ನಕಲು ಮಾಡಿ ತಿದ್ದಿಕೊಂಡಿರುವ ಥೀಮಾದರೆ ಪ್ರತಿ ಅಪ್‌ಡೇಟಿಗೂ ಆ ನಕಲು ಹಿಂದೆ ಬೀಳುತ್ತದೆ. ವೂಕಾಮರ್ಸ್, ಸ್ಟೇಟಸ್ ಪುಟದ ಕೊನೆಯಲ್ಲಿ ‘ಟೆಂಪ್ಲೇಟ್ಸ್’ ಭಾಗವಿದೆ; ಯಾವ ಫೈಲು ಹಳತಾಗಿದೆ ಎಂದು ಅಲ್ಲಿ ತೋರಿಸುತ್ತದೆ.

ಥೀಮ್ ಜೊತೆ ‘ಉಚಿತ’ ಎಂದು ಬರುವ ಸ್ಲೈಡರ್ (ಚಿತ್ರ ಸರಿಸುವ), ಪೇಜ್ ಬಿಲ್ಡರ್ (ಪುಟ ಕಟ್ಟುವ) ಪ್ಲಗಿನ್‌ಗಳಿಗೆ ನಿಮ್ಮ ಹೆಸರಿನ ಲೈಸೆನ್ಸ್ ಇರುವುದಿಲ್ಲ. ಥೀಮ್ ಮಾಡಿದವರು ಹೊಸ ಪ್ರತಿ ಸೇರಿಸುವವರೆಗೂ ಕಾಯಬೇಕು. 2014ರಲ್ಲಿ ಸ್ಲೈಡರ್ ರೆವಲ್ಯೂಷನ್ ಪ್ಲಗಿನ್‌ನ ಲೋಪದಿಂದ ಅಷ್ಟೊಂದು ಸೈಟುಗಳು ಹ್ಯಾಕ್ ಆಗಲು ಇದೂ ಕಾರಣ. ಥೀಮ್ ಒಳಗೆ ಆ ಪ್ಲಗಿನ್ ಇದೆ ಎಂಬುದೇ ಎಷ್ಟೋ ಮಾಲೀಕರಿಗೆ ಗೊತ್ತಿರಲಿಲ್ಲ.

ಥೀಮ್ ಮಾರುವ ತಾಣ ಥೀಮ್‌ಫಾರೆಸ್ಟ್‌ನ ರೆಗ್ಯುಲರ್ ಲೈಸೆನ್ಸ್ ಒಂದು ಸೈಟಿಗೆ ಮಾತ್ರ, ಸಪೋರ್ಟ್ 6 ತಿಂಗಳು. ಸೈಟ್ ಮಾಡಿಕೊಡುವವರು ತಮ್ಮ ಖಾತೆಯಲ್ಲಿ ಕೊಂಡರೆ ಖರೀದಿ ಕೋಡ್ ಅವರ ಕೈಯಲ್ಲಿ ಉಳಿಯುತ್ತದೆ. ನಿಮ್ಮ ಇಮೇಲ್‌ನಲ್ಲಿ ಖಾತೆ ತೆರೆದು ನೀವೇ ಕೊಳ್ಳಿ.

ಇನ್ನೊಂದು, ‘ಈಗ 17 ಜನ ನೋಡುತ್ತಿದ್ದಾರೆ’, ‘09:59 ನಿಮಿಷದಲ್ಲಿ ಆಫರ್ ಮುಕ್ತಾಯ’ ಎಂಬ ಸುಳ್ಳು ಗಡಿಯಾರಗಳು ಥೀಮಿನಲ್ಲಿ ಆನ್ ಆಗಿಯೇ ಬರಬಹುದು. ಭಾರತದ 2023ರ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಯ ಪ್ರಕಾರ ಇದು ‘ಸುಳ್ಳು ತುರ್ತು’. ಮೊದಲೇ ಟಿಕ್ ಆಗಿರುವ ಒಪ್ಪಿಗೆ ಪೆಟ್ಟಿಗೆಯನ್ನು 2020ರ ಇ-ಕಾಮರ್ಸ್ ನಿಯಮಗಳು ಒಪ್ಪುವುದಿಲ್ಲ. ಅವೇ ನಿಯಮಗಳಂತೆ ದೂರು ಅಧಿಕಾರಿಯ ಹೆಸರು, ಸಂಪರ್ಕ ಸೈಟಿನಲ್ಲಿ ಇರಬೇಕು. ಹೊರದೇಶದ ಥೀಮಿನಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ, ಫುಟರ್‌ನಲ್ಲಿ (ಪುಟದ ಅಡಿಯಲ್ಲಿ) ನೀವೇ ಮಾಡಿಕೊಳ್ಳಬೇಕು. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರೂ ಅಲ್ಲೇ ಇರಲಿ.

ತೊಗರಿಕಣಜ:
ಇನ್‌ಸ್ಪೆಕ್ಟ್ ಮಾಡಿ ನೋಡ್ದೆರಿ, ಆರಿಸಿಟ್ಟ ನಾಲ್ಕರಾಗ ಮೂರರದ್ದು ಒತ್ತಕ್ಷರ ಕತ್ತರಿಸ್ತು. ಉಳಿದ ಒಂದು ಛಲೋ ಅದ. ತಗೊಂಡ್ರ ‘ಡೆಮೊ ಇಂಪೋರ್ಟ್’ ಮಾಡ್ಬೇಕೋ ಬ್ಯಾಡೋ?

ಶಹಾಬಾದಿ ಕಲ್ಲು:
ಚಾಲೂ ಸೈಟಿನ ಮ್ಯಾಲ ಮಾಡಬ್ಯಾಡ್ರಿ. ಹೋಸ್ಟಿಂಗ್‌ನಾಗ ಸ್ಟೇಜಿಂಗ್ (ಪ್ರಯೋಗದ) ಪ್ರತಿ ಮಾಡಿ ಅಲ್ಲಿ ಮಾಡ್ರಿ, ಯಾವ ಪುಟ ಹ್ಯಾಂಗ ಕಟ್ಯಾರ ಅಂತ ನೋಡ್ಕೊಂಡು ಬೇಕಾದ ಎರಡು ಮೂರು ಪುಟ ಅಷ್ಟೇ ಈ ಕಡೆ ತರ್ರಿ. ಇಂಪೋರ್ಟ್ ಮಾಡಿದ್ರ ಅವರ ಸೋಫಾ, ಶರ್ಟು ಎಲ್ಲಾ ನಿಮ್ಮ ಅಂಗಡಿಗೆ ಬರ್ತಾವ. ಐಟಂ ಅಳಿಸಿದ್ರೂ ಅದರ ಫೋಟೊ ಮೀಡಿಯಾ ಲೈಬ್ರರಿಯಾಗ ಉಳೀತಾವ, ಟ್ಯಾಗು, ವರ್ಗ ಗೂಗಲ್‌ಗೂ ಹೋಗಬಹುದು. ಡೆಮೊದ ಫೋಟೊ ಬಹಳಷ್ಟು ಸಲ ತೋರಿಸ್ಲಿಕ್ಕೆ ಮಾತ್ರ ಇರ್ತಾವ, ವ್ಯಾಪಾರಕ್ಕ ಬಳಸೋ ಹಕ್ಕು ಥೀಮ್ ಜೋಡಿ ಬರಂಗಿಲ್ಲ.

ಕೊಳ್ಳೋಕ್ಕಿಂತ ಮುಂಚೆ ವೂಕಾಮರ್ಸ್‌ನವರದೇ ಉಚಿತ ಸ್ಟೋರ್‌ಫ್ರಂಟ್ ಥೀಮ್‌ನಾಗ ನಿಮ್ಮ 14 ಐಟಂ ಹಾಕಿ ನೋಡ್ರಿ. ಫಾಂಟ್ ಬದಲಿಸೋ ಸಾಲುಗಳನ್ನ ಚೈಲ್ಡ್ ಥೀಮ್‌ನಾಗ (ಮೂಲ ಥೀಮಿಗೆ ಜೋಡಿಸೋ ಮರಿ ಥೀಮ್) ಬರೀರಿ, ಮೂಲ ಥೀಮ್‌ನಾಗ ಬರೆದ್ರ ಮುಂದಿನ ಅಪ್‌ಡೇಟಿಗೆ ಅಳಿಸಿ ಹೋಗ್ತಾವ.