ಚೈನ್ ಮಾತ್ರ ಹೋಯ್ತಾ, ಕ್ಯಾಸೆಟ್ಟೂ ಹೋಯ್ತಾ?

ಗಾಜನೂರು_ಗೇರು: ಶಿವಮೊಗ್ಗದಿಂದ ಮಂಡಗದ್ದೆ ಕಡೆ ವಾರಕ್ಕೆರಡು ಸಲ ಸೈಕಲ್ ಹೊಡಿತೀನಿ, 8 ಸ್ಪೀಡು (ಹಿಂದೆ 8 ಗೇರು). ಮಳೆಗಾಲ ಮುಗಿದ್ಮೇಲೆ ಏರಲ್ಲಿ ಎದ್ದು ನಿಂತು ತುಳಿದ್ರೆ ಚೈನ್ ಕಟಕ್ ಅಂತ ಜಾರತ್ತೆ, ಹೊಸ ಚೈನ್ ಹಾಕ್ಸಿದ್ರೂ ಹಂಗೇ, ಈಗ ಅಂಗಡೀಲಿ ಕ್ಯಾಸೆಟ್ಟೂ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು) ಬದಲಾಯಿಸಿ ಅಂತಾರೆ. ನಿಜಾನಾ, ದುಡ್ಡು ಕೀಳೋಕಾ?

ಕೆಂಪುಮಣ್ಣು: ನಿಜಾನೇ ಇರ್ಬೇಕು ಮಾರಾಯ. ಹಳೇ ಚೈನ್ ಎಸೆದಿಲ್ಲ ತಾನೆ? ಅದನ್ನ ಎಳೆದಿಟ್ಟು ಇಂಚಿನ ಸ್ಕೇಲಲ್ಲಿ ಪಿನ್ನಿಂದ ಪಿನ್ನಿಗೆ 24 ಕೊಂಡಿ ಅಳೆದು ನೋಡು. ಹೊಸದಾದ್ರೆ ಸರಿಯಾಗಿ 12 ಇಂಚು, 1/16 ಜಾಸ್ತಿ ಬಂದಾಗ್ಲೇ ಚೈನ್ ಬದಲಾಯಿಸ್ಬೇಕಿತ್ತು, 1/8 ಬಂದ್ರೆ ಕ್ಯಾಸೆಟ್ಟನ್ನೂ ತಿಂದು ಹಾಕಿರತ್ತೆ. ಚೈನ್ ಹಿಗ್ಗಲ್ಲ, ಪಿನ್ನಿನ ಜಾಗ ಸವೆಯೋದು, ನಮ್ಮ ಕೆಸರು ಆಯಿಲ್ ಜೊತೆ ಸೇರಿದ್ರೆ ಉಪ್ಪುಕಾಗದ ಇದ್ದಂಗೆ.

ಗಾಜನೂರು_ಗೇರು: ಅಳೆದೆ, 1/8 ದಾಟಿದೆ 😞

ಘಾಟಿ_ಇಳಿಯೋನು: ಎಲ್ಲಾ ಗೇರಲ್ಲೂ ಜಾರತ್ತಾ? ನೀವು ದಿನಾ ಬಳಸೋ ಒಂದೆರಡರಲ್ಲಿ ಮಾತ್ರ ಆದ್ರೆ ಆ ಹಲ್ಲುಗಳೇ ಸವೆದಿರೋದು, ಕಣ್ಣಿಗೆ ಚೆನ್ನಾಗೇ ಕಂಡ್ರೂ ನಂಬ್ಬೇಡಿ. ಮುಂದಿನ ಚೈನ್‌ರಿಂಗ್ (ಪೆಡಲ್ ಹತ್ರದ ಹಲ್ಲುಚಕ್ರ) ಹಲ್ಲು ಗರಗಸದ ಥರ ಒಂದು ಕಡೆ ವಾಲಿಲ್ಲ ಅಂದ್ರೆ ಅದನ್ನ ಸದ್ಯ ಮುಟ್ಟೋದೇ ಬೇಡ.

ಗಾಜನೂರು_ಗೇರು: 3 ಮತ್ತೆ 4ರಲ್ಲಿ ಮಾತ್ರ. ಸರಿ, ಅಂಗಡಿಯವ್ರನ್ನ ಸುಮ್ನೆ ಬೈಕೊಂಡೆ.