ಎಂಬಾಡೀಡ್ ಕಾರ್ಬನ್: ‘ಅಡಗಿದ ಇಂಗಾಲ’ ಅಂದರೆ ಸರಿಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಸೈಟ್ ಎಂಜಿನಿಯರುಗಳಿಗೆ ಮತ್ತು ಮೇಸ್ತ್ರಿಗಳಿಗೆ ಅಂತ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಸಿಮೆಂಟು, ಕಬ್ಬಿಣ, ಇಟ್ಟಿಗೆ ತಯಾರಾಗುವಾಗ, ಲಾರಿಯಲ್ಲಿ ಬರುವಾಗ, ಗೋಡೆ ಏಳುವಾಗ, ಆಮೇಲೆ ರಿಪೇರಿಗೆ, ಕೊನೆಗೆ ಕೆಡವುವಾಗ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ ಅನ್ನುವ ಲೆಕ್ಕ ಅದರಲ್ಲಿದೆ. ಇಂಗ್ಲಿಷಿನಲ್ಲಿ ಇದು ಎಂಬಾಡೀಡ್ ಕಾರ್ಬನ್. ಕಟ್ಟಡದಲ್ಲಿ ಉರಿಯುವ ಲೈಟು, ಎಸಿ, ಲಿಫ್ಟಿನದು ಬೇರೆ ಲೆಕ್ಕ, ಅದಕ್ಕೆ ‘ಬಳಕೆಯ ಇಂಗಾಲ’ ಅಂದರೆ ಸಾಕು. ತೊಡಕಿರುವುದು ಮೊದಲನೆಯದಕ್ಕೆ.

ಅಂತರ್ಗತ ಇಂಗಾಲ, ಹುದುಗಿದ ಇಂಗಾಲ, ಅಡಗಿದ ಇಂಗಾಲ ಅಂತ ಗೆಳೆಯರು ಸೂಚಿಸಿದ್ದಾರೆ. ಮೂರನ್ನೂ ಓದಿದವರಿಗೆ ಇಂಗಾಲ ಗೋಡೆಯೊಳಗೇ ಕೂತಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಆಗಲೇ ಗಾಳಿ ಸೇರಿಬಿಟ್ಟಿದೆ. ಸಿಮೆಂಟು ಮಾಡಲು ಸುಣ್ಣದ ಕಲ್ಲನ್ನು ಸುಡುತ್ತಾರೆ. ಶುದ್ಧ ಸುಣ್ಣದ ಕಲ್ಲು 100 ಕೆಜಿ ಸುಟ್ಟರೆ 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ, ಉಳಿಯುವುದು 56 ಕೆಜಿ ಸುಣ್ಣ. ಇದು ಕಲ್ಲಿನಿಂದಲೇ ಬರುವುದು, ಕುಲುಮೆಗೆ ಯಾವ ಉರುವಲು ಹಾಕಿದರೂ ತಪ್ಪುವುದಿಲ್ಲ, ಉರುವಲಿನ ಹೊಗೆ ಇದರ ಮೇಲೆ. ಎಲ್ಲ ಸೇರಿ 50 ಕೆಜಿಯ ಒಂದು ಮೂಟೆ ಮಾಮೂಲಿ ಓಪಿಸಿ ಸಿಮೆಂಟಿಗೆ ಸುಮಾರು 40 ಕೆಜಿ ಆಗುತ್ತದೆ. ಹಾರುಬೂದಿ ಬೆರೆಸಿದ ಪಿಪಿಸಿಗೆ ಅಷ್ಟಾಗುವುದಿಲ್ಲ, ಯಾಕೆಂದರೆ ಅದರಲ್ಲಿ ಸುಟ್ಟ ಕಲ್ಲಿನ ಪಾಲೇ ಕಡಿಮೆ.

ನಿಜವಾಗಿಯೂ ಇಂಗಾಲ ಒಳಗಿರುವುದು ಮರದಲ್ಲಿ. ಒಣ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಇಂಗಾಲವೇ. ಹಳೇ ತೊಟ್ಟಿಮನೆಯ ತೇಗದ ಕಂಬ ಅದನ್ನು ಇನ್ನೂ ಹಿಡಿದಿಟ್ಟುಕೊಂಡಿದೆ. ಲೆಕ್ಕದಲ್ಲಿ ಇದನ್ನು ಬೇರೆಯಾಗಿಯೇ ತೋರಿಸುತ್ತಾರೆ. ಸಿಮೆಂಟಿನದಕ್ಕೆ ‘ಅಡಗಿದ’ ಅಂದುಬಿಟ್ಟರೆ ಮರದ್ದಕ್ಕೆ ಏನನ್ನುವುದು? ಒಂದು ಗಾಳಿಗೆ ಬಿಟ್ಟದ್ದು, ಇನ್ನೊಂದು ಗಾಳಿಯಿಂದ ತೆಗೆದದ್ದು. ಎರಡೂ ಒಂದೇ ಹೆಸರಿನಲ್ಲಿ ಬಂದರೆ ಓದುವವನು ತಲೆಕೆಳಗಾಗಿ ತಿಳಿದುಕೊಳ್ಳುತ್ತಾನೆ, ಅದು ನನಗೆ ಸುತರಾಂ ಬೇಡ.

ಈ ಗೊಂದಲ ಇವತ್ತಿನದಲ್ಲ. ಬೆಂಗಳೂರಿನ ಐಐಎಸ್ಸಿಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲೇ ನಮ್ಮ ಕಟ್ಟಡ ಸಾಮಗ್ರಿಗಳಿಗೆ ಎಂಬಾಡೀಡ್ ಎನರ್ಜಿಯ ಅಂಕಿಗಳನ್ನು ಕೊಟ್ಟಿದ್ದರು. ಸಿಮೆಂಟಿಗೆ ಕೆಜಿಗೆ 5.85 ಮೆಗಾಜೂಲ್, ಉಕ್ಕಿಗೆ 42. ಅಲ್ಲೂ ಅಷ್ಟೇ, ಅದು ಖರ್ಚಾಗಿ ಹೋದ ಶಕ್ತಿ, ಕಂಬಿಯೊಳಗೆ ಉಳಿದದ್ದಲ್ಲ.

ನನ್ನ ಒಲವು ‘ಸರಕಿನ ಇಂಗಾಲ’ದ ಕಡೆ. ‘ಬಳಕೆಯ ಇಂಗಾಲ’ದ ಪಕ್ಕ ಜೋಡಿಯಾಗಿ ಕೂರುತ್ತದೆ. ಲಾರಿಯ ಡೀಸೆಲ್ಲು, ಕೆಡವುವ ಕೆಲಸ ಇದರಲ್ಲಿ ಹೇಗೆ ಬರುತ್ತದೆ ಅಂತ ಯಾರಾದರೂ ಕೇಳಬಹುದು. ಸರಕು ತರುವುದು, ಸರಕು ಎಸೆಯುವುದು ತಾನೇ, ಬರುತ್ತದೆ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಜೋಡಿ ಪದವೂ ಕಾಡುತ್ತಿದೆ, ಮೆಷರ್ ಮತ್ತು ವೆರಿಫೈ. ‘ಅಳೆಯುವುದು’ ಅಂತ ಬರೆದರೆ ಯಾವುದೋ ಮೀಟರ್ ಇದೆ ಅನ್ನಿಸುತ್ತದೆ. ಸೈಟಿನಲ್ಲಿ ಅಂಥ ಮೀಟರ್ ಇಲ್ಲ. ಎಷ್ಟು ಟನ್ ಕಂಬಿ, ಎಷ್ಟು ಘನ ಮೀಟರ್ ಕಾಂಕ್ರೀಟ್ ಅಂತ ಹಿಡಿದು, ಒಂದೊಂದನ್ನೂ ಅದರ ಅಂಕಿಯಿಂದ, ಅಂದರೆ ಒಂದು ಟನ್ನಿಗೆ ಅಥವಾ ಒಂದು ಘನ ಮೀಟರಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಅನ್ನುವುದರಿಂದ, ಗುಣಿಸುತ್ತಾರೆ. ಹಾಗಾಗಿ ‘ಲೆಕ್ಕ ಹಾಕುವುದು’ ಅನ್ನುವುದೇ ಪ್ರಾಮಾಣಿಕ. ವೆರಿಫೈಗೆ ‘ದೃಢೀಕರಣ’ ಅಂದರೆ ಸೀಲು ಒತ್ತಿ ಸಹಿ ಹಾಕಿದ ಹಾಗೆ ಕೇಳುತ್ತದೆ, ಕೆಲಸ ಕಾಣುವುದೇ ಇಲ್ಲ. ಕೆಲಸ ಹೇಗಿರುತ್ತದೆ ನೋಡಿ: ಬಾರ್ ಬೆಂಡಿಂಗ್ ಶೆಡ್ಯೂಲಿನಲ್ಲಿ (ಕಂಬಿಗಳ ಪಟ್ಟಿಯಲ್ಲಿ) ಬರೆದ ಕಂಬಿಯ ತೂಕ ಒಂದು ಕೈಯಲ್ಲಿ, ಲಾರಿ ತೂಗುವ ವೇಬ್ರಿಡ್ಜ್ ಚೀಟಿಗಳ ಕಟ್ಟು ಇನ್ನೊಂದು ಕೈಯಲ್ಲಿ. ಕಾಂಕ್ರೀಟಿನ ಚಲನ್ನಿನಲ್ಲಿ ಎಂ25 ಅಂತ ಅದರ ದರ್ಜೆ ಮಾತ್ರ ಇದ್ದರೆ ಸಾಲದು, ಒಂದು ಘನ ಮೀಟರಿಗೆ ಎಷ್ಟು ಸಿಮೆಂಟು, ಎಷ್ಟು ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಹಾಕಿದರು ಅನ್ನುವ ಮಿಕ್ಸ್ ಡಿಸೈನ್ ತರಿಸಬೇಕು, ಇಲ್ಲದಿದ್ದರೆ ಗುಣಿಸುವ ಅಂಕಿಯೇ ಊಹೆಯಾಗುತ್ತದೆ. ಇದಕ್ಕೆ ನಮ್ಮ ಅಂಗಡಿ ಲೆಕ್ಕದ ‘ತಾಳೆ ನೋಡುವುದು’ ಬಿಟ್ಟು ಬೇರೆ ಪದ ಬೇಕಾ?

ಡೆನ್ಮಾರ್ಕಿನಲ್ಲಿ 2023ರಲ್ಲಿ 1000 ಚದರ ಮೀಟರಿಗಿಂತ ದೊಡ್ಡ ಹೊಸ ಕಟ್ಟಡಗಳಿಗೆ ಚದರ ಮೀಟರಿಗೆ ವರ್ಷಕ್ಕೆ 12 ಕೆಜಿ ಇಂಗಾಲದ ಡೈಆಕ್ಸೈಡ್ ಅನ್ನುವ ಮಿತಿ ಬಂತು, 2025ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಅದರಲ್ಲಿ ಸರಕಿನದೂ ಬಳಕೆಯದೂ ಎರಡೂ ಸೇರುತ್ತವೆ. ಇಂಥ ನಿಯಮ ಇಲ್ಲಿಗೂ ಬಂದರೆ ನಮ್ಮ ಮೇಸ್ತ್ರಿಗಳ ಕೈಗೆ ಬರುವ ಫಾರಂನಲ್ಲಿ ಯಾವ ಪದ ಇರಬೇಕು ಅನ್ನುವುದು ನನಗೆ ಸಣ್ಣ ವಿಷಯವಲ್ಲ.

‘ಸರಕು’ ಅನ್ನುವಾಗ ನಿಮ್ಮ ಕಡೆ ಕಟ್ಟಡ ಸಾಮಾನು ನೆನಪಿಗೆ ಬರುತ್ತದೆಯೇ, ಇಲ್ಲ ಅಂಗಡಿ ಮಾಲೇ? ಧಾರವಾಡ, ಕಲಬುರಗಿ ಕಡೆಯವರು ಮತ್ತು ಸೈಟಿನಲ್ಲಿ ಕೆಲಸ ಮಾಡುವವರು ದಯವಿಟ್ಟು ಹೇಳಿ.